ಅಷ್ಟೇ ಕ್ಯೂಸೆಕ್ ನೀರು, ಮೆಟ್ಟಿಲು ಮಾತ್ರ ಹೆಚ್ಚು ಮುಳುಗುತ್ತಿವೆ: ಏಕೆ?

ಪ್ರಶ್ನೆ — ಮಾನ್ವಿ ತಾಲ್ಲೂಕಿನ ಹೊಳೆದಂಡೆಯ ರೈತ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಹೊಳೆಯ ದಂಡೆಯ ಮೇಲಿದೆ. ಹೊಳೆಗೆ ಇಳಿಯುವಲ್ಲಿ ಹನುಮಪ್ಪನ ಗುಡಿ ಇದ್ದು, ಗುಡಿಯ ಕಟ್ಟೆಯಿಂದ ಕೆಳಗೆ ಹನ್ನೊಂದು ಕಲ್ಲಿನ ಮೆಟ್ಟಿಲುಗಳಿವೆ. ನಮ್ಮ ತಂದೆಯವರ ಕಾಲದಿಂದಲೂ ಆ ಮೆಟ್ಟಿಲುಗಳೇ ನಮಗೆ ಅಳತೆಗೋಲು. ಹೊಸಪೇಟೆಯ ತುಂಗಭದ್ರಾ ಡ್ಯಾಮಿನಿಂದ ಒಂದೂವರೆ ಲಕ್ಷ ಕ್ಯೂಸೆಕ್ ಬಿಟ್ಟರೆಂದು ರೇಡಿಯೋದಲ್ಲಿ ಕೇಳಿದರೆ, ಮರುದಿನ ನೀರು ಮೇಲಿನಿಂದ ಐದನೆಯ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಪಂಪ್‌ಸೆಟ್ ಎತ್ತಬೇಕೋ ಬಿಡಬೇಕೋ ಎಂಬುದನ್ನು ಅದರ ಮೇಲೆಯೇ ತೀರ್ಮಾನಿಸುತ್ತಿದ್ದೆವು.

ಆ ಲೆಕ್ಕ ಈಗ ಕೆಟ್ಟಿದೆ. ಈಚಿನ ವರ್ಷಗಳಲ್ಲಿ ಅದೇ ಒಂದೂವರೆ ಲಕ್ಷಕ್ಕೆ ಒಮ್ಮೆ ಎರಡನೆಯ ಮೆಟ್ಟಿಲು ಮುಳುಗಿತು, ಇನ್ನೊಮ್ಮೆ ಐದನ್ನೂ ಮುಟ್ಟಲಿಲ್ಲ. ಹಳೆಯ ಲೆಕ್ಕವನ್ನು ನಂಬಿ ರಾತ್ರಿ ಮಲಗಿದವನ ಮೋಟರ್ ಬೆಳಗಾಗುವಷ್ಟರಲ್ಲಿ ನೀರಿನೊಳಗಿತ್ತು. ಆ ನಂಬಿದವನು ನಾನೇ. ಎಚ್ಚರಿಕೆ ಬಂದಿರಲಿಲ್ಲ ಎನ್ನುವಂತಿಲ್ಲ. ಮೊಬೈಲಿಗೆ ಸಂದೇಶ ಬಂದಿತ್ತು. ಆದರೆ ಮೂವತ್ತು ಸಾವಿರ ಬಿಟ್ಟಾಗಲೂ ಎರಡು ಲಕ್ಷ ಬಿಟ್ಟಾಗಲೂ ಬರುವುದು ಒಂದೇ ಮಾತು: ‘ನದಿಪಾತ್ರದ ಜನರು ಎಚ್ಚರದಿಂದಿರಬೇಕು.’

ತಿಳಿದವರಲ್ಲಿ ನನ್ನ ಪ್ರಶ್ನೆ ಇಷ್ಟು. ಮಲೆನಾಡಿನ ಮಳೆಯೇ ಬದಲಾಗಿದೆಯೇ, ಡ್ಯಾಮಿನ ಹೂಳಿನಿಂದ ಹೀಗಾಗುತ್ತಿದೆಯೇ, ಅಥವಾ ನಮ್ಮ ಹೊಳೆಯೇ ಬೇರೆಯಾಗಿದೆಯೇ?

ಉತ್ತರ 1 — ನಿವೃತ್ತ ನೀರಾವರಿ ಎಂಜಿನಿಯರ್, ಗಂಗಾವತಿ

ಯಜಮಾನರೇ, ನೀವು ಕೇಳಿದ ಮೂರಕ್ಕೂ ಹೌದು ಎಂದೇ ಹೇಳಬೇಕಾಗುತ್ತದೆ. ಆದರೆ ನಿಮ್ಮ ಮೆಟ್ಟಿಲಿನ ಲೆಕ್ಕ ಕೆಡಿಸಿರುವುದು ಮುಖ್ಯವಾಗಿ ಮೂರನೆಯದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕ್ಯೂಸೆಕ್ ಎಂಬುದು ನೀರಿನ ಎತ್ತರವಲ್ಲ, ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ದಾಟುತ್ತದೆ ಎಂಬ ಲೆಕ್ಕ. ಹೊಳೆಯ ಅಡ್ಡಗಲ, ಆಳ ಮತ್ತು ನೀರು ಓಡುವ ವೇಗ ಇವುಗಳನ್ನು ಗುಣಿಸಿದರೆ ಅದು ಬರುತ್ತದೆ. ವೇಗ ಅರ್ಧಕ್ಕೆ ಇಳಿಯಿತೆಂದುಕೊಳ್ಳಿ; ಅಷ್ಟೇ ನೀರು ದಾಟಬೇಕಾದರೆ ಅದಕ್ಕೆ ಎರಡರಷ್ಟು ಜಾಗ ಬೇಕು, ಆ ಜಾಗವನ್ನು ಅದು ನಿಮ್ಮ ಗದ್ದೆಯಲ್ಲಿ, ನಿಮ್ಮ ಮೆಟ್ಟಿಲ ಮೇಲೆ ಹುಡುಕಿಕೊಳ್ಳುತ್ತದೆ. ವೇಗ ಕುಗ್ಗಿಸಿದ್ದು ಯಾವುದೆಂದು ತಿಳಿಯಲು ದಂಡೆಗೆ ಇಳಿದು ನೋಡಿದರೆ ಸಾಕು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತುಕೊಂಡಿರುವ ಬಳ್ಳಾರಿ ಜಾಲಿ ದಂಡೆಯಿಂದ ಇಳಿದು ಪಾತ್ರದೊಳಗೇ ಮೆಳೆಗಟ್ಟಿ ನಿಂತಿದೆ, ಅದರ ನಡುವಿನ ತೇವದಲ್ಲಿ ಜೊಂಡು ಬೆಳೆದಿದೆ. (ಗಂಗಾವತಿ ಈಗ ಕೊಪ್ಪಳಕ್ಕೆ ಸೇರಿದ್ದರೂ ನಾನು ಸೇವೆಯ ಬಹುಭಾಗ ಕಳೆದದ್ದು ಬಳ್ಳಾರಿಯಲ್ಲಿ, ಅದಕ್ಕೇ ‘ನಮ್ಮ ಜಿಲ್ಲೆ’ ಎಂದೆ.)

ಇದಕ್ಕೆ ಅಣೆಕಟ್ಟೆಯ ಪಾಲೂ ಇದೆ, ಆದರೆ ಜನ ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. 1953ಕ್ಕೆ ಮೊದಲು ಪ್ರತಿ ಮಳೆಗಾಲವೂ ಮಧ್ಯಮ ಪ್ರಮಾಣದ ಪ್ರವಾಹ ಬಂದು, ಎಳೆಯ ಗಿಡಗಳನ್ನು ಕಿತ್ತು, ಹೊಳೆ ತನ್ನ ಪಾತ್ರವನ್ನು ತಾನೇ ತೊಳೆದುಕೊಳ್ಳುತ್ತಿತ್ತು. ಜಲಾಶಯ ಬಂದ ಮೇಲೆ ಆ ಸಣ್ಣ ಮತ್ತು ಮಧ್ಯಮ ಪ್ರವಾಹಗಳೆಲ್ಲ ಅದರ ಹೊಟ್ಟೆಗೆ ಹೋಗಿ, ಕಾಲುವೆಯಲ್ಲಿ ಹರಿದವು. ಮಳೆ ಕಡಿಮೆಯಾದ ವರ್ಷಗಳು ಸಾಲಾಗಿ ಬಂದಾಗ ಹೊಳೆ ಬತ್ತಿ, ಜಾಲಿಯ ಬೇರು ಗಟ್ಟಿಯಾಯಿತು. ಮನುಷ್ಯರೂ ಬೇರುಬಿಟ್ಟರು, ದಂಡೆಯ ಕೆಳಗಿನವರೆಗೂ ಭತ್ತ ಹಚ್ಚಿದರು. ಆದರೆ ದೊಡ್ಡ ಪ್ರವಾಹವನ್ನು ಜಲಾಶಯ ತಡೆಯಲಾರದು. ಅದು ಬಂದಾಗ ಕಿರಿದಾದ, ಒರಟಾದ ಪಾತ್ರದಲ್ಲಿಯೇ ಹರಿಯಬೇಕು.

ತಡೆಯಲಾರದು ಏಕೆಂದು ಲೆಕ್ಕದಿಂದಲೇ ನೋಡೋಣ. 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಒಳಹರಿವು 2 ಲಕ್ಷ ಕ್ಯೂಸೆಕ್ ಇದ್ದರೆ ದಿನಕ್ಕೆ 17 ಟಿಎಂಸಿಗೂ ಹೆಚ್ಚು. ಜಲಾಶಯದಲ್ಲಿ 10 ಟಿಎಂಸಿ ಜಾಗ ಖಾಲಿ ಇಟ್ಟುಕೊಂಡಿದ್ದರೂ, ಹೊರಗೆ ಏನೂ ಬಿಡದೆ ಹಿಡಿದರೆ, ಹದಿನಾಲ್ಕು ಗಂಟೆಯೊಳಗೆ ಅದು ತುಂಬುತ್ತದೆ. ಮೊದಲು ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳಿನಿಂದಾಗಿ 105ರ ಆಸುಪಾಸಿಗೆ ಇಳಿದಿದೆ. ಕಾಡು ತೆಳುವಾದ ಜಲಾನಯನ, ಗಣಿಯ ಕೆಂಪು ಮಣ್ಣು, ಒಡ್ಡು ಹಾಕದ ಹೊಲ ಎಲ್ಲವೂ ಅದರಲ್ಲಿ ಕೂತಿವೆ. ಈ ನಷ್ಟ ನಮ್ಮ ಎರಡನೆಯ ಬೆಳೆಗೆ ದೊಡ್ಡದು. ಪ್ರವಾಹಕ್ಕೆ ಹೋಲಿಸಿದರೆ ಅದು ಒಂದೂವರೆ ದಿನದ ಮಾತು. ನವಲಿಯ ಬಳಿ ಹೊಳೆಯ ಹೆಚ್ಚುವರಿ ನೀರನ್ನು ಕಾಲುವೆಯಲ್ಲಿ ಒಯ್ದು ತುಂಬಿಸುವ ಸಮಾನಾಂತರ ಜಲಾಶಯವಾದರೆ ಪ್ರವಾಹವೂ ನಿಲ್ಲುತ್ತದೆ ಎಂದು ಕೆಲವರು ಭಾಷಣ ಮಾಡುತ್ತಾರೆ. ಕಾಲುವೆಯೊಂದು ಒಯ್ಯಬಲ್ಲ ನೀರೆಷ್ಟು, ತುಂಬಿದ ಹೊಳೆಯ ನೀರೆಷ್ಟು ಎಂದು ಅವರು ಒಮ್ಮೆ ಭಾಗಿಸಿ ನೋಡಬೇಕು.

ಇನ್ನು ಮಳೆ. ನಮ್ಮ ಬಯಲಿನಲ್ಲಿ ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಬಿದ್ದರೆ ಹೆಚ್ಚು. ಹೊಳೆಗೆ ನೀರು ಕೊಡುವುದು ತುಂಗೆ, ಭದ್ರೆ, ವರದೆಯರು ಹುಟ್ಟುವ ಘಟ್ಟ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ, ಒಟ್ಟು ಮಳೆ ಕುಗ್ಗುತ್ತಿದ್ದ ಕಾಲದಲ್ಲಿಯೇ. ಆ ಪ್ರದೇಶ ನಮಗಿಂತ ಉತ್ತರಕ್ಕಿದೆ ನಿಜ. ಆದರೆ ಅವರು ಕಾರಣವೆಂದು ತೋರಿಸಿದ ಅರಬ್ಬಿ ಸಮುದ್ರದ ಆವಿ ಹೊತ್ತ ಗಾಳಿಯೇ ನಮ್ಮ ಘಟ್ಟಕ್ಕೂ ಬಡಿಯುವುದು. ಹದಿನೈದು ದಿನ ಸೋನೆಯಾಗಿ ಬೀಳಬೇಕಾದ ಮಳೆ ಮೂರು ದಿನದಲ್ಲಿ ಸುರಿದರೆ ಒಳಹರಿವು ಏರುವ ರೀತಿಯೇ ಬೇರೆ, ಗೇಟು ತೆಗೆಯುವವರಿಗೆ ಸಿಗುವ ಸಮಯವೂ ಬೇರೆ.

ಕೊನೆಗೆ, ನಿಮ್ಮ ಮೋಟರಿಗೆ ನೇರವಾಗಿ ಸಂಬಂಧಿಸಿದ ಮಾತು. ಒಂದೂವರೆ ಲಕ್ಷವನ್ನು ಆರು ಗಂಟೆ ಬಿಟ್ಟರೆ ನಿಮ್ಮೂರು ತಲುಪುವಷ್ಟರಲ್ಲಿ ಅದು ಹರಡಿ, ಮೊಂಡಾಗಿ, ಐದನೆಯ ಮೆಟ್ಟಿಲನ್ನೂ ಮುಟ್ಟದಿರಬಹುದು. ಅದನ್ನೇ ಮೂರು ದಿನ ಸತತವಾಗಿ ಬಿಟ್ಟರೆ ಪೂರ್ಣ ಎತ್ತರಕ್ಕೆ ಬರುತ್ತದೆ. ಸುದ್ದಿಯಲ್ಲಿ ಎಷ್ಟು ಬಿಟ್ಟರೆಂದು ಹೇಳುತ್ತಾರೆಯೇ ಹೊರತು ಎಷ್ಟು ಹೊತ್ತು ಎಂಬುದನ್ನು ಹೇಳುವುದಿಲ್ಲ. ಅಲ್ಲದೆ ಅದು ಡ್ಯಾಮಿನ ಬಾಗಿಲಿನ ಲೆಕ್ಕ; ನಡುವೆ ಸೇರುವ ಹಳ್ಳಗಳ ನೀರು ಅದರಲ್ಲಿಲ್ಲ.

ಉತ್ತರ 2 — ಶಾಲಾ ಶಿಕ್ಷಕ, ಲಿಂಗಸುಗೂರು ತಾಲ್ಲೂಕು

ಸಾಹೇಬರ ವಿವರಣೆಗೆ ಕೃಷ್ಣೆಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಪ್ರವಾಹ ಬರುವ ದಿನ ಸಾಮಾನ್ಯವಾಗಿ ಬಿಸಿಲಿರುತ್ತದೆ. ಕೊಲ್ಹಾಪುರ, ಸಾಂಗ್ಲಿಯ ಮೇಲೆ ಸುರಿದದ್ದು ಆಲಮಟ್ಟಿ, ನಾರಾಯಣಪುರ ದಾಟಿ ಬರುತ್ತದೆ. ಮೊದಲು ಹೊಳೆಯ ಬಣ್ಣ ರಾಡಿಯಾಗಿ, ಕಸಕಡ್ಡಿಯ ಜೊತೆ ನೊರೆ ತೇಲಿ ಬಂದರೆ ನಡುಗಡ್ಡೆಯ ಹಿರಿಯರು ಹರಿಗೋಲನ್ನು ಮೇಲಕ್ಕೆ ಎಳೆದು ಕಟ್ಟುತ್ತಾರೆ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ, ಗಡ್ಡಿಯ ಊರುಗಳು ಹೊರಗಿನಿಂದ ಕಡಿದುಹೋದವು.

ಪ್ರತಿಸಲವೂ ಗಡ್ಡಿಯ ಜನ ‘ಹೇಳಿದರೂ ಹೊರಗೆ ಬರುವುದಿಲ್ಲ’ ಎಂಬ ದೂರು ಕೇಳಿಬರುತ್ತದೆ. ನಾನು ದೋಣಿಯಲ್ಲಿ ಹೋಗಿ ಕರೆದವರಲ್ಲಿ ಒಬ್ಬ. ಒಬ್ಬ ಅಜ್ಜಿ ಹೊಸ್ತಿಲ ಮೇಲೆ ಕುಳಿತು, ಮಡಿಲಲ್ಲಿ ಎರಡು ದಿನದ ಮೇಕೆಮರಿ ಇಟ್ಟುಕೊಂಡು, “ಮಾಸ್ತರ, ನಾ ಬರ್ತೀನ್ರಿ, ಇವನ್ನ ಯಾರು ನೋಡ್ತಾರ?” ಎಂದರು. ಕಾಳಜಿ ಕೇಂದ್ರದಲ್ಲಿ ಅನ್ನ ಸಾರು ಇತ್ತು, ಹಾಸಿಗೆ ಇತ್ತು, ದನಕ್ಕೆ ಹುಲ್ಲು ಇರಲಿಲ್ಲ. ಅಪಾಯ ನಿರ್ವಹಣೆಯ ಕಡತದಲ್ಲಿ ಎತ್ತು, ಎಮ್ಮೆ, ಆಡುಗಳ ಲೆಕ್ಕವನ್ನು ಮೊದಲ ಪುಟದಲ್ಲಿ ಬರೆದು, ಮೇವು ಮತ್ತು ಕಟ್ಟುವ ಜಾಗವನ್ನು ಮೇ ತಿಂಗಳಲ್ಲಿಯೇ ಗುರುತಿಸಿಟ್ಟರೆ ಜನ ತಾವಾಗಿಯೇ ಬರುತ್ತಾರೆ ಎಂಬುದು ನನ್ನ ಅನುಭವ.

ಉತ್ತರ 3 — ಸಿರುಗುಪ್ಪ ತಾಲ್ಲೂಕಿನ ರೈತ

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆಂದು ತಿಳಿಯಬೇಡಿ. ಆದರೆ ಎಲ್ಲವನ್ನೂ ಘಟ್ಟದ ಮಳೆಯ ತಲೆಗೆ ಕಟ್ಟಿದರೆ 2009 ಅರ್ಥವಾಗುವುದಿಲ್ಲ. ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಮಳೆ ಸುರಿದದ್ದು ನಮ್ಮದೇ ಬಯಲಿನ ಮೇಲೆ. ಮಂತ್ರಾಲಯದ ಮಠಕ್ಕೆ ನೀರು ನುಗ್ಗಿತು, ಕರ್ನೂಲು ಪಟ್ಟಣ ಮುಳುಗಿತು. ನಮ್ಮೂರಿನಲ್ಲಿ ಎಲ್ಲರೂ ಕಂದೀಲು ಹಿಡಿದು ಹೊಳೆಯ ಕಡೆ ನಿಂತು ಕಾಯುತ್ತಿದ್ದೆವು. ನೀರು ಬಂದದ್ದು ಬೆನ್ನ ಹಿಂದಿನಿಂದ, ಹಳ್ಳದಿಂದ. ತುಂಬಿದ ಹೊಳೆ ಹಳ್ಳದ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಒತ್ತಿತ್ತು. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಷ್ಟು ನೀರಾದರೂ ಕುಡಿಯುತ್ತದೆ, ಒಮ್ಮೆ ನೆನೆದು ಉಬ್ಬಿದರೆ ಹನಿಯನ್ನೂ ಒಳಗೆ ಬಿಡುವುದಿಲ್ಲ. ಮಳೆಗಾಲದ ಕೊನೆಗೆ ಬಂದ ಮಳೆ ಪೂರ್ತಿ ಹರಿದೇ ಹೋಯಿತು.

ಆ ಹಳ್ಳ ನನ್ನ ಬಾಲ್ಯದಲ್ಲಿ ಎರಡು ಬಂಡಿ ಪಕ್ಕಪಕ್ಕ ಇಳಿಯುವಷ್ಟು ಅಗಲವಿತ್ತು. ಎರಡೂ ಕಡೆಯವರು ವರ್ಷಕ್ಕೊಂದು ಮಡಿ ಮುಂದೆ ಸರಿದು ಭತ್ತ ಹಚ್ಚಿದೆವು. ನಮ್ಮ ಮನೆಯವರೂ ಅದರಲ್ಲಿದ್ದಾರೆ, ಮುಚ್ಚಿಡುವುದೇನು? ಮೇಲೆ ರಸ್ತೆ ಮಾಡಿದವರು ಸೇತುವೆಯ ಜಾಗದಲ್ಲಿ ಮೂರು ಸಿಮೆಂಟ್ ಪೈಪು ಹೂತರು. ಹವಾಮಾನ ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ, ಆ ಮೂರು ಪೈಪು ಕಿತ್ತು ಹಾಕುವುದು ಪಂಚಾಯತಿಯ ಕೈಯಲ್ಲಿದೆ.

ಆಮೇಲೆ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆಗಳಾದವು. ಹೊಲ ದೂರ, ದನ ಕಟ್ಟಲು ಹಿತ್ತಲಿಲ್ಲ ಎಂದು ನಮ್ಮ ಕಡೆಯ ಅನೇಕರು ಹಳೆಯ ಊರಿನಲ್ಲೇ ಉಳಿದರು. ಮಾಸ್ತರರು ಹೇಳಿದ ಮೇಕೆಮರಿಯ ಮಾತೇ ಇಲ್ಲಿಯೂ. ಬೆಳೆ ಪರಿಹಾರದ ವಿಷಯ ತೆಗೆಯುವುದೇ ಬೇಡ. ಪಹಣಿ ಒಬ್ಬರ ಹೆಸರಿನಲ್ಲಿ, ಲೀಜಿಗೆ ಮಾಡಿ ಮುಳುಗಿದವನು ಇನ್ನೊಬ್ಬ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಶರಣು. ಎಂಜಿನಿಯರ್ ಸಾಹೇಬರ ಉತ್ತರ ಓದಿ ದಂಡೆಗೆ ಹೋಗಿ ನೋಡಿದೆ. ಗುಡಿಯಿಂದ ಕೆಳಗಿನ ತಿರುವಿನಲ್ಲಿ ನಾವು ಈಜು ಕಲಿತ ಮರಳಿನ ದಿಬ್ಬ ಈಗ ಇಲ್ಲ, ಅಲ್ಲಿ ಮರಳು ತೆಗೆದ ಗುಂಡಿ; ಅದರ ಆಚೆಗೆ ಆಳೆತ್ತರದ ಜಾಲಿ. ನಮ್ಮ ಊರಿನ ಹಳ್ಳ ಗುಡಿಯ ಮೇಲ್ಭಾಗದಲ್ಲಿಯೇ ಹೊಳೆ ಸೇರುತ್ತದೆ. ಎರಡನೆಯ ಮೆಟ್ಟಿಲು ಮುಳುಗಿದ ರಾತ್ರಿ ನಮ್ಮಲ್ಲೂ ಜೋರು ಮಳೆಯಿತ್ತು ಎಂಬುದು ಈಗ ನೆನಪಾಗುತ್ತಿದೆ.

ಸಾಹೇಬರೇ, ಇನ್ನೊಂದು ಕೇಳಬೇಕು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನ್ ತುಂಡಾದಾಗ ನಾವು ಇಡೀ ರಾತ್ರಿ ಮಲಗಲಿಲ್ಲ. ಅಂಥದ್ದು ಮತ್ತೆ ಆದರೆ ಮೆಟ್ಟಿಲಿನ ಲೆಕ್ಕ ಯಾವುದು?

ಉತ್ತರ 1ರವರ ಮರುಮಾತು

33 ಗೇಟುಗಳಲ್ಲಿ ಒಂದು ಹೋದರೆ ಅದೊಂದರಿಂದಲೇ ಹೊಳೆ ದಂಡೆ ಮೀರುವುದಿಲ್ಲ. ಅಂದು ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರಿನ ಮಟ್ಟ ಇಳಿಸಿ, ಒಂದು ವಾರದೊಳಗೆ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಕೂಡಿಸುವ ಉಕ್ಕಿನ ತಡೆ) ಇಳಿಸಿದರು. ಅಂದು ಬಿಟ್ಟದ್ದು ಸಹ ನಾವು ಮೊದಲು ಕಂಡಿರುವ ಪ್ರಮಾಣದೊಳಗೇ ಇತ್ತು. ಅದೇ ಹೊತ್ತಿಗೆ ಘಟ್ಟದಿಂದ 2 ಲಕ್ಷ ಬರುತ್ತಿದ್ದರೆ ಮಾತು ಬೇರೆಯಾಗುತ್ತಿತ್ತು. ಗೇಟುಗಳ ಸ್ಥಿತಿ ನೋಡಿ 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಸೀಮಿತಗೊಳಿಸಿದ್ದರಿಂದ ಮಳೆಗಾಲದ ಆರಂಭದಲ್ಲಿಯೇ ಹೊಳೆಗೆ ನೀರು ಬಿಡಬೇಕಾಯಿತು. ಆದ್ದರಿಂದ ಜುಲೈ ಅರ್ಧ ಕಳೆಯುವವರೆಗೆ ಡ್ಯಾಮ್ ತುಂಬುವುದಿಲ್ಲ ಎಂಬ ಹಳೆಯ ಧೈರ್ಯವನ್ನೂ ಬಿಡಬೇಕು.

ಮೆಟ್ಟಿಲಿನ ಅಳತೆಯನ್ನು ಮಾತ್ರ ಕೈಬಿಡಬೇಡಿ. ಹಂಪಿಯ ಪುರಂದರ ಮಂಟಪ ಎಷ್ಟು ಮುಳುಗಿತು, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಬಂತೇ ಎಂದು ಮೇಲ್ಭಾಗದ ನಮಗೆಲ್ಲ ಒಂದೊಂದು ಗುರುತಿದೆ. ಅವೆಲ್ಲವೂ ಈಗ ಹೊಸದಾಗಿ ತಾಳೆ ನೋಡಬೇಕಾದವು. ಪ್ರತಿಸಲ ನೀರು ಏರಿದಾಗ ಐದು ಸಂಗತಿ ಬರೆದಿಡಿ: ಡ್ಯಾಮಿನಿಂದ ಬಿಟ್ಟ ಪ್ರಮಾಣ, ಬಿಡಲು ಆರಂಭಿಸಿದ ವೇಳೆ, ಎಷ್ಟು ಹೊತ್ತು ಅದೇ ಪ್ರಮಾಣ ಇತ್ತು, ನಿಮ್ಮ ಮೆಟ್ಟಿಲಿಗೆ ಬಂದ ವೇಳೆ, ಆ ದಿನ ನಿಮ್ಮ ಹಳ್ಳ ಹರಿಯುತ್ತಿತ್ತೇ. ಕೇಂದ್ರ ಜಲ ಆಯೋಗ ಮಂತ್ರಾಲಯದಲ್ಲಿ ಅಳೆಯುವ ಮಟ್ಟವನ್ನೂ ಪಕ್ಕದಲ್ಲಿ ಬರೆಯಿರಿ. ನಾಲ್ಕೈದು ಮಳೆಗಾಲದಲ್ಲಿ ನಿಮ್ಮೂರಿಗೆ ಹೊಂದುವ ಪಟ್ಟಿ ತಯಾರಾಗುತ್ತದೆ. ಜಾಲಿ ಕಡಿದ ವರ್ಷ ಅದನ್ನು ಮತ್ತೆ ತಿದ್ದಬೇಕು.

ಪ್ರಶ್ನೆ ಕೇಳಿದವರು

ಮೆಟ್ಟಿಲುಗಳ ಪಕ್ಕದ ಗೋಡೆಗೆ ಅಡಿ ಅಡಿಗೆ ಒಂದು ಗೆರೆಯಂತೆ ಹಳದಿ ಬಣ್ಣ ಹಚ್ಚಿ, ಅಂಕಿ ಬರೆಸಿದ್ದೇನೆ. ಗುಡಿಯ ಗೋಡೆಗೆ ಬಣ್ಣ ಏಕೆ ಎಂದು ಪೂಜಾರಿಯವರು ಮೊದಲು ಮುಖ ಗಂಟಿಕ್ಕಿದರು. ಈಗ ಬೆಳಿಗ್ಗೆ ಪೂಜೆಗೆ ಬಂದಾಗ ನೀರು ಯಾವ ಗೆರೆಗಿದೆ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಮೋಟರಿಗೆ ಕೆಳಗೆ ಗಾಲಿ ಕೂಡಿಸಿದ್ದೇನೆ, ಇಬ್ಬರಿದ್ದರೆ ಎಳೆದು ಮೇಲೆ ತರಬಹುದು. ಹಳ್ಳದ ಪೈಪಿನ ವಿಷಯವಾಗಿ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದೇವೆ. ಸಿರುಗುಪ್ಪದ ಅಣ್ಣನವರು ತಮ್ಮಲ್ಲಿ ಏನಾಯಿತೆಂದು ತಿಳಿಸಿದರೆ ಉಪಕಾರವಾಗುತ್ತದೆ.