ದಿನಾ ಅಲರ್ಜಿ ಮಾತ್ರೆ ನುಂಗುವವರು ನೆಗಡಿ ಬಂದಾಗ ಏನು ಮಾಡುತ್ತೀರಿ?

ಕೇಳಿದವರು

ನನಗೆ ಧೂಳಿನ ಅಲರ್ಜಿ. ರಾತ್ರಿ ಮಲಗುವ ಮುಂಚೆ ಸೆಟಿರಿಜಿನ್ 10 ಮಿ.ಗ್ರಾಂ ಒಂದು ಮಾತ್ರೆ ತಗೊಳ್ಳುತ್ತೇನೆ, ಡಾಕ್ಟರ್ ಹೇಳಿದ್ದು. ಈಗ ಅದರ ಮೇಲೆ ನೆಗಡಿ ಬೇರೆ ಹಿಡಿದಿದೆ. ಸಣ್ಣ ಜ್ವರ, ಮೈಕೈ ನೋವು, ಮೂಗು ಪೂರ್ತಿ ಕಟ್ಟಿದೆ. ಮನೆಯಲ್ಲಿ ಒಂದು ನೆಗಡಿ ಮಾತ್ರೆ ಇದೆ. ಹಿಂದೆ ನೋಡಿದರೆ ಪ್ಯಾರಾಸಿಟಮಾಲ್ 500, ಫಿನೈಲೆಫ್ರಿನ್ 10, ಕ್ಲೋರ್‌ಫೆನಿರಮೈನ್ 2 ಮಿ.ಗ್ರಾಂ ಎಂದು ಬರೆದಿದೆ. ಇದನ್ನೂ ಸೆಟಿರಿಜಿನ್ನನ್ನೂ ಒಟ್ಟಿಗೆ ತಗೊಳ್ಳಬಹುದಾ? ಜ್ವರಕ್ಕೆ ಬೇರೆ ಪ್ಯಾರಾಸಿಟಮಾಲ್ ಸೇರಿಸಬೇಕಾ? ಮನೆಯಲ್ಲಿ ಬಿಪಿ ಇರುವ ಅಪ್ಪ, ಮೂರು ವರ್ಷದ ಮಗಳು ಇದ್ದಾರೆ. ಅವರಿಗೂ ನೆಗಡಿ ಅಂಟಿದರೆ ಇದನ್ನೇ ಕೊಡಬಹುದಾ? ಅನುಭವ ಇರುವವರು ಹೇಳಿ.

ಔಷಧ ಅಂಗಡಿಯಲ್ಲಿ ಕೂರುವವನು

ಸ್ಟ್ರಿಪ್ ತಿರುಗಿಸಿ ಓದಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಹೆಚ್ಚಿನವರು ಮುಂದಿನ ಹೆಸರನ್ನಷ್ಟೇ ಹೇಳಿ ಕೇಳುತ್ತಾರೆ. ಅದೇ ಹೆಸರಿಗೆ 'ಪ್ಲಸ್' ಅಂತಲೋ 'ಡಿ' ಅಂತಲೋ ಸೇರಿದರೆ ಒಳಗಿನ ಔಷಧಿಯೇ ಬೇರೆ ಇರುತ್ತದೆ.

ನಿಮ್ಮ ಮಾತ್ರೆಯ ವಿಷಯಕ್ಕೆ ಬರೋಣ. ಕ್ಲೋರ್‌ಫೆನಿರಮೈನ್ ಹಳೇ ಕಾಲದ ಆಂಟಿಹಿಸ್ಟಮೈನ್, ಅಂದರೆ ಸೀನು, ಸೋರುವ ಮೂಗು, ಅಲರ್ಜಿ ತಗ್ಗಿಸುವ ಔಷಧಿ. ಸೆಟಿರಿಜಿನ್ ಕೂಡ ಆಂಟಿಹಿಸ್ಟಮೈನೇ, ಹೊಸ ತಲೆಮಾರಿನದು. ಒಂದೇ ಕೆಲಸದ ಎರಡು ಔಷಧಿ ಸೇರಿದರೆ ಗುಣ ಎರಡು ಪಟ್ಟು ಆಗುವುದಿಲ್ಲ. ತೂಕಡಿಕೆ, ಬಾಯಿ ಒಣಗುವುದು ಮಾತ್ರ ಜಾಸ್ತಿಯಾಗುತ್ತದೆ. ಹಾಗಾಗಿ ಒಟ್ಟಿಗೆ ಬೇಡ.

ಪ್ಯಾರಾಸಿಟಮಾಲ್ ಇನ್ನೂ ಮುಖ್ಯ. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಕೊನೆಯ ಗಡಿ. ಅಂದರೆ 500ರ ಎಂಟು ಮಾತ್ರೆ, ಒಂದು ಡೋಸಿಗೂ ಇನ್ನೊಂದಕ್ಕೂ ಕಡಿಮೆ ಎಂದರೆ ನಾಲ್ಕು ಗಂಟೆ ಅಂತರ. ಗಡಿ ಎಂದರೆ ಮುಟ್ಟಲೇಬೇಕಾದ ಗುರಿ ಅಲ್ಲ. ತೂಕ ಕಡಿಮೆ ಇರುವವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಡಾಕ್ಟರ್ ಇದಕ್ಕಿಂತ ಕಡಿಮೆ ಹೇಳುತ್ತಾರೆ. ಜ್ವರದ ಮಾತ್ರೆ ಒಂದು, ನೆಗಡಿ ಮಾತ್ರೆ ಒಂದು, ಬಿಸಿನೀರಿಗೆ ಕಲಸಿ ಕುಡಿಯುವ ಪುಡಿ ಒಂದು: ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಲೆಕ್ಕ ತಪ್ಪುವುದು ಇಲ್ಲೇ. ಡೋಸ್ ಮೀರಿದರೆ ಮೊದಲ ದಿನ ಏನೂ ಗೊತ್ತಾಗದೆ ಇರಬಹುದು, ಹೆಚ್ಚೆಂದರೆ ಹೊಟ್ಟೆ ತೊಳಸಬಹುದು. ಲಿವರ್ ಏಟು ಆಮೇಲೆ ಕಾಣಿಸುತ್ತದೆ. ಅದಕ್ಕೆ ಕೊಡುವ ಅಸಿಟೈಲ್‌ಸಿಸ್ಟೀನ್ ಮೊದಲ ಎಂಟು ಗಂಟೆಯೊಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ 'ನೋಡೋಣ, ಆರಾಮಾಗೇ ಇದ್ದೇನಲ್ಲ' ಎಂದು ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನು ಕಟ್ಟಿದ ಮೂಗು ಬಿಡಿಸಲೆಂದು ಸೇರಿಸುವ ಫಿನೈಲೆಫ್ರಿನ್. ಮಾತ್ರೆಯಾಗಿ ನುಂಗಿದರೆ ಅದರ ಬಹುಪಾಲು ಕರುಳು, ಲಿವರ್‌ನಲ್ಲೇ ಒಡೆದುಹೋಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ, ನುಂಗುವ ಫಿನೈಲೆಫ್ರಿನ್ ಕಟ್ಟಿದ ಮೂಗು ಬಿಡಿಸುವುದಿಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ನವೆಂಬರ್‌ನಲ್ಲಿ ಎಫ್‌ಡಿಎ ಅದನ್ನು ಚೀಟಿ ಇಲ್ಲದೆ ಮಾರಬಹುದಾದ ಮೂಗು ಬಿಡಿಸುವ ಔಷಧಿಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾಪ ಇಟ್ಟಿತು. ಕಾರಣ ಅಪಾಯ ಅಲ್ಲ, ಉಪಯೋಗ ಇಲ್ಲ ಅನ್ನುವುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಸೆಟಿರಿಜಿನ್ ಎಂದಿನಂತೆ, ಜ್ವರ ನೋವಿಗೆ ಬರೀ ಪ್ಯಾರಾಸಿಟಮಾಲ್. ನೆಗಡಿ ಮಾತ್ರೆ ಡಬ್ಬಿಯಲ್ಲೇ ಇರಲಿ.

ಇನ್ನೊಬ್ಬರು

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ನಾನು ಯಾವಾಗಲೂ ಕಾಂಬಿನೇಷನ್ ಮಾತ್ರೆಯನ್ನೇ ತಗೊಳ್ಳುವುದು. ರಾತ್ರಿ ಒಂದು ನುಂಗಿ ಮಲಗಿದರೆ ಬೆಳಿಗ್ಗೆ ಹಗುರ ಅನ್ನಿಸುತ್ತದೆ.

ಔಷಧ ಅಂಗಡಿಯಲ್ಲಿ ಕೂರುವವನು

ಸುಳ್ಳಲ್ಲ ಸರ್. ದೊಡ್ಡವರಲ್ಲಿ ಇಂಥ ಮಾತ್ರೆಯಿಂದ ನೆಗಡಿಗೆ ಸ್ವಲ್ಪ ಆರಾಮ ಸಿಗುತ್ತದೆ ಎಂದು ಅಧ್ಯಯನಗಳೂ ಹೇಳುತ್ತವೆ. ಜ್ವರ, ಸೋರುವ ಮೂಗು, ಸೀನು ಎಲ್ಲವೂ ಒಟ್ಟಿಗೆ ಇದ್ದು, ಬೇರೆ ಯಾವ ಮಾತ್ರೆಯೂ ಇಲ್ಲದವರಿಗೆ ಒಂದೆರಡು ದಿನಕ್ಕೆ ಅನುಕೂಲವೇ. ಬರೀ ಗಂಟಲು ನೋವಿಗೆ ನಾಲ್ಕು ಔಷಧಿ ಇರುವ ಮಾತ್ರೆ ಯಾಕೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಇದರಿಂದ ನೆಗಡಿ ಬೇಗ ವಾಸಿಯಾಗುವುದಿಲ್ಲ ಅನ್ನುವುದೂ ನೆನಪಿರಲಿ. ಅದು ವಾರವೋ ಹತ್ತು ದಿನವೋ ಇದ್ದೇ ಹೋಗುತ್ತದೆ. ಆಂಟಿಬಯೋಟಿಕ್ ನುಂಗಿದರೂ ಅಷ್ಟೇ, ವೈರಸ್ ಮೇಲೆ ಅದಕ್ಕೆ ಅಧಿಕಾರ ಇಲ್ಲ.

ವಯಸ್ಸಾದ ಅಪ್ಪನನ್ನು ನೋಡಿಕೊಳ್ಳುವವಳು

ನಿಮ್ಮ ಅಪ್ಪನ ವಿಷಯಕ್ಕೆ ಮಾತ್ರ ಹೇಳುತ್ತೇನೆ. ನಮ್ಮ ಅಪ್ಪನಿಗೂ ಬಿಪಿ, ಜೊತೆಗೆ ಪ್ರಾಸ್ಟೇಟ್ ತೊಂದರೆ. ಪರಿಚಯದವರು ಕೊಟ್ಟ ನೆಗಡಿ ಮಾತ್ರೆ ನುಂಗಿದ ಮರುದಿನ ಮೂತ್ರ ಕಟ್ಟಿಕೊಂಡು ಒದ್ದಾಡಿದರು. ಕೊನೆಗೆ ಟ್ಯೂಬ್ ಹಾಕಿ ತೆಗೆಯಬೇಕಾಯಿತು. ಹಳೇ ಆಂಟಿಹಿಸ್ಟಮೈನ್ ಮೂತ್ರಕೋಶ ಹಿಂಡುವ ಶಕ್ತಿಯನ್ನು ತಗ್ಗಿಸುತ್ತದೆ, ಮೂಗು ಬಿಡಿಸುವ ಸೂಡೋಎಫೆಡ್ರಿನ್ ಥರದ ಔಷಧಿ ಮೂತ್ರದ ಬಾಯಿಯನ್ನು ಬಿಗಿ ಮಾಡುತ್ತದೆ ಎಂದು ಡಾಕ್ಟರ್ ವಿವರಿಸಿದರು. ಅದೇ ಸೂಡೋಎಫೆಡ್ರಿನ್ ರಕ್ತನಾಳ ಕಿರಿದು ಮಾಡುವುದರಿಂದ ಬಿಪಿ ಏರಿಸಬಹುದು, ಎದೆ ಢವಗುಟ್ಟಿಸಬಹುದು, ನಿದ್ದೆ ಕೆಡಿಸಬಹುದು. ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇರುವವರೂ ಕೇಳದೆ ಮುಟ್ಟಬಾರದು.

ಹಳೇ ಆಂಟಿಹಿಸ್ಟಮೈನ್‌ನಿಂದ ವಯಸ್ಸಾದವರಿಗೆ ಗೊಂದಲ, ತಲೆ ತಿರುಗಿ ಬೀಳುವುದು ಕೂಡ ಆಗುತ್ತದೆ. 'ವಯಸ್ಸಾಯಿತು, ಅದಕ್ಕೇ ಹೀಗೆ' ಎಂದು ನಾವು ಸುಮ್ಮನಾಗಿಬಿಡುತ್ತೇವೆ ಅಲ್ವಾ? ಹಾಗೆ ಬಿಡಬೇಡಿ, ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ ಎಂದು ಮೊದಲು ನೋಡಿ. ಬಿಪಿ ಇರುವವರಿಗೆ ಇನ್ನೊಂದು ವಿಷಯ. ನೀರಲ್ಲಿ ಬುಸ್ಸೆಂದು ನೊರೆ ಬಂದು ಕರಗುವ ಮಾತ್ರೆಗಳಲ್ಲಿ ಸೋಡಿಯಂ ಜಾಸ್ತಿ ಇರುತ್ತದೆ. ಮಾಮೂಲಿ ಮಾತ್ರೆಯೇ ಒಳ್ಳೆಯದು.

ಕೇಳಿದವರು

ಅಪ್ಪನಿಗೆ ಕೊಡುವುದಿಲ್ಲ, ಥ್ಯಾಂಕ್ಸ್ ಅಕ್ಕ. ಹಾಗಾದರೆ ಕಟ್ಟಿದ ಮೂಗಿಗೆ ನಾನು ಏನು ಮಾಡಲಿ? ರಾತ್ರಿ ಉಸಿರಾಡೋಕೇ ಆಗುತ್ತಿಲ್ಲ.

ವರ್ಷಪೂರ್ತಿ ಸೀನುವವನು

ಮೂಗಿಗೇ ಹಾಕುವ ಸ್ಪ್ರೇ ಇದೆ. ಆದರೆ ಸ್ಪ್ರೇಗಳಲ್ಲಿ ಎರಡು ಜಾತಿ, ಗೊಂದಲ ಮಾಡಿಕೊಳ್ಳಬೇಡಿ.

ಒಂದು ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಇರುವುದು. ಹಾಕಿದ ಸ್ವಲ್ಪ ಹೊತ್ತಲ್ಲೇ ಮೂಗು ಬಿಡುತ್ತದೆ. ಮೂರು ದಿನ, ಅಷ್ಟೇ. ಅದಕ್ಕಿಂತ ಎಳೆದರೆ ಔಷಧಿ ಇಳಿದಾಗೆಲ್ಲ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಮತ್ತೆ ಸ್ಪ್ರೇ ಬೇಕಾಗುತ್ತದೆ. ನನ್ನ ರೂಮ್‌ಮೇಟ್ ಒಬ್ಬ ಅದನ್ನು ಜೇಬಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ, ಬಿಡಿಸಲು ಇಎನ್‌ಟಿ ಡಾಕ್ಟರ್ ಬೇಕಾಯಿತು. ಬಿಪಿ ಇರುವವರು ಇದಕ್ಕೂ ಮೊದಲು ಕೇಳಬೇಕು.

ಇನ್ನೊಂದು ಫ್ಲುಟಿಕಸೋನ್, ಮೊಮೆಟಸೋನ್ ಥರದ ಸ್ಟೀರಾಯ್ಡ್ ಸ್ಪ್ರೇ. ಇದು ಅಲರ್ಜಿಗೆ. ಇವತ್ತು ಹಾಕಿದರೆ ಇವತ್ತೇ ಪೂರ್ತಿ ಗುಣ ಕಾಣುವುದಿಲ್ಲ, ದಿನಾ ಹಾಕುತ್ತಾ ಹೋಗಬೇಕು. ಒಂದೆರಡು ವಾರದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಮೂಗು ಕಟ್ಟುವ ಅಲರ್ಜಿಗೆ ಮಾತ್ರೆಗಿಂತ ಇದೇ ಮೇಲು ಎಂದು ನನ್ನ ಅನುಭವ, ಡಾಕ್ಟರುಗಳ ಅಭಿಪ್ರಾಯವೂ ಅದೇ. ಹಾಕುವಾಗ ತಲೆ ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಎಡ ಮೂಗಿಗೆ ಬಲಗೈಯಿಂದ, ಬಲ ಮೂಗಿಗೆ ಎಡಗೈಯಿಂದ ಹಿಡಿದರೆ ತುದಿ ತಾನಾಗಿ ಹೊರಗೋಡೆಯ ಕಡೆ ತಿರುಗುತ್ತದೆ. ಮಧ್ಯದ ಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಆಮೇಲೆ ಸೊರ್ ಎಂದು ಎಳೆಯಬೇಡಿ, ಔಷಧಿ ಗಂಟಲಿಗೆ ಇಳಿದು ದಂಡ.

ಇವೆರಡೂ ಬೇಡ ಎಂದರೆ ಉಪ್ಪುನೀರಿನ ಸ್ಪ್ರೇ. ಅದನ್ನು ಎಷ್ಟು ಬಾರಿ ಹಾಕಿದರೂ ಪರವಾಗಿಲ್ಲ. ಮನೆಯಲ್ಲೇ ಮೂಗು ತೊಳೆಯುವುದಾದರೆ ಕುದಿಸಿ ಆರಿಸಿದ ನೀರೇ ಆಗಬೇಕು. ನಲ್ಲಿ ನೀರು ನೇರವಾಗಿ ಬೇಡವೇ ಬೇಡ, ಅಪರೂಪಕ್ಕೆ ಮೆದುಳಿಗೆ ಹತ್ತುವ ಅಮೀಬಾ ಅದರಲ್ಲಿ ಇರಬಹುದು.

ಅಂದ ಹಾಗೆ, ಕಣ್ಣು ಮೂಗು ಕೆರೆತ, ಸಾಲಾಗಿ ಸೀನು, ತಿಳಿನೀರು, ಜ್ವರ ಇಲ್ಲ ಎಂದರೆ ಅದು ಅಲರ್ಜಿಯ ಕಾಟ. ಜ್ವರ, ಮೈಕೈ ನೋವು ಬಂದರೆ ನೆಗಡಿ. ನಿಮಗೆ ಎರಡೂ ಒಂದರ ಮೇಲೊಂದು ಕೂತಿದೆ.

ಚಿಕ್ಕ ಮಕ್ಕಳ ತಾಯಿ

ಮಗಳಿಗೆ ಆ ಮಾತ್ರೆ ಅರ್ಧ ಮುರಿದು ಕೊಡುವ ಯೋಚನೆ ಇದ್ದರೆ ಈಗಲೇ ಬಿಡಿ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಸೇರಿದ ಔಷಧಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು ಭಾರತದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಅಮೆರಿಕದಲ್ಲೂ ಕೆಮ್ಮು ನೆಗಡಿ ಔಷಧಿಯ ಲೇಬಲ್ ಮೇಲೆ ನಾಲ್ಕು ವರ್ಷದ ಕೆಳಗೆ ಬೇಡ ಎಂದಿರುತ್ತದೆ. ಬ್ರಿಟನ್‌ನಲ್ಲಿ ಈ ಗಡಿ ಆರು ವರ್ಷ.

ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಸಿರಪ್, ಅದೂ ತೂಕ ನೋಡಿ ಡಾಕ್ಟರ್ ಹೇಳಿದಷ್ಟು. ಸಿರಪ್‌ಗಳಲ್ಲಿ 5 ಮಿಲಿಗೆ 120 ಮಿ.ಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಹನಿ ಹಾಕುವ ಡ್ರಾಪ್ಸ್ ಇನ್ನೂ ಗಟ್ಟಿ. ಬಾಟಲಿ ಬದಲಾದರೆ 'ಹಿಂದಿನ ಸಲದ ಅಳತೆ' ಲೆಕ್ಕಕ್ಕೆ ಬರುವುದಿಲ್ಲ. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಸಿರಿಂಜ್ ಬಳಸಿ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಕೊಡಲೇಬೇಡಿ. ಉಸಿರಾಟ ಜೋರಾದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಕುಡಿಯುವುದು ನಿಲ್ಲಿಸಿದರೆ ಔಷಧಿ ಹುಡುಕುತ್ತಾ ಕೂರದೆ ಹೊರಡಿ.

ರಾತ್ರಿ ಪಾಳಿಯ ಡ್ರೈವರ್

ಒಂದೇ ಮಾತು. ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್ ಥರದ ಹಳೇ ಆಂಟಿಹಿಸ್ಟಮೈನ್ ಇರುವುದನ್ನು ರಾತ್ರಿ ನುಂಗಿದರೂ ಬೆಳಿಗ್ಗೆ ಮಂಪರು ಉಳಿದಿರುತ್ತದೆ. ನಿದ್ದೆ ಬರಲಿಲ್ಲ ಅನ್ನಿಸಿದರೂ ಕೈಕಾಲು ನಿಧಾನ ಆಗಿರುತ್ತದೆ. ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಸುತ್ತದೆ. ನನಗೆ ಡಾಕ್ಟರ್ ಬರೆದುಕೊಟ್ಟಿದ್ದು ಫೆಕ್ಸೋಫೆನಡಿನ್ ಅನ್ನುವ ಅಲರ್ಜಿ ಮಾತ್ರೆ. ಅದನ್ನು ನೀರಿನಲ್ಲೇ ನುಂಗಬೇಕು, ಹಣ್ಣಿನ ರಸದಲ್ಲಿ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮದ್ಯದ ಜೊತೆ ಇವು ಯಾವುದೂ ಬೇಡ.

ಔಷಧ ಅಂಗಡಿಯಲ್ಲಿ ಕೂರುವವನು

ಬಿಟ್ಟುಹೋದದ್ದು ಒಂದೆರಡು. ಕೆಮ್ಮಿನ ಸಿರಪ್‌ನಲ್ಲಿ ಡೆಕ್ಸ್ಟ್ರೊಮೆಥಾರ್ಫಾನ್ ಇದ್ದು, ನೀವು ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಕೊಳ್ಳುವಾಗಲೇ ಬಾಯಿಬಿಟ್ಟು ಹೇಳಿ. ಎರಡೂ ಸೇರಿ ತೊಂದರೆ ಕೊಡಬಹುದು. ಗರ್ಭಿಣಿಯರು ಯಾವ ಕಾಂಬಿನೇಷನ್ ಆದರೂ ಕೇಳಿಯೇ ತಗೊಳ್ಳಬೇಕು.

ಜ್ವರ ಮೂರು ದಿನ ದಾಟಿದರೆ, ಇಳಿದು ಮತ್ತೆ ಏರಿದರೆ, ಉಸಿರು ಕಟ್ಟಿದರೆ, ಹತ್ತು ದಿನವಾದರೂ ಮುಖ ಭಾರ, ನೋವು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಮುಂದೆ ಯಾವಾಗಲಾದರೂ ನಿಮ್ಮ ಧೂಳಿನ ಅಲರ್ಜಿಗೆ ಚರ್ಮ ಚುಚ್ಚುವ ಟೆಸ್ಟ್ ಮಾಡಿಸುವುದಾದರೆ, ಸೆಟಿರಿಜಿನ್ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಅವರನ್ನು ಮುಂಚೆಯೇ ಕೇಳಿ. ಸಾಮಾನ್ಯವಾಗಿ ಒಂದು ವಾರದ ಹತ್ತಿರ ಹೇಳುತ್ತಾರೆ. ಅಷ್ಟರೊಳಗೆ ನೆಗಡಿ ಮಾತ್ರೆ ನುಂಗಿದ್ದರೆ ಅದನ್ನೂ ಹೇಳಬೇಕು, ಅದರಲ್ಲೂ ಆಂಟಿಹಿಸ್ಟಮೈನ್ ಇರುತ್ತದಲ್ಲ.