ಹಳೆ ಐಡಿಇ ಡಿಸ್ಕು, ಹೊಸ ಎನ್‌ವಿಎಂಇ, ಎಲ್ಲಾ ಒಂದೇ ಕಾರ್ಡಿಗೆ ಸಿಕ್ಕಿಸಬಹುದಾ?

ಪ್ರಶ್ನೆ (ಫೋಟೋ ಸ್ಟುಡಿಯೋ, ಬಾಗಲಕೋಟೆ ನವನಗರ):

ನಮಸ್ಕಾರ ಸರ್. ನಮ್ಮಪ್ಪ ಹಳೇ ಬಾಗಲಕೋಟೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಆಲಮಟ್ಟಿ ಹಿನ್ನೀರು ಬರ್ತದೆ ಅಂತ ಗೊತ್ತಾದಾಗ ಓಣಿ, ಮನೆ, ಗುಡಿ, ಹೋಳಿ ಹುಣ್ಣಿಮೆಯ ಬಣ್ಣದ ಬಂಡಿ ಎಲ್ಲಾ ಫೋಟೋ ತೆಗೆದು, ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಆ ಡಿಸ್ಕು ಈಗ ಟ್ರಂಕಿನಲ್ಲಿ ಸಿಕ್ಕಿದೆ. 40 ಜಿಬಿ, ಹಿಂದೆ ಅಗಲವಾದ ಪಿನ್ನಿನ ಸಾಲು ಇದೆ, ಐಡಿಇ ಅಂತಾರಲ್ಲ, ಅದು. ಜೊತೆಗೆ ಅಂಥದ್ದೇ ಒಂದು 80 ಜಿಬಿ.

ನನ್ನ ಈಗಿನ ಕಂಪ್ಯೂಟರು ಎಚ್81 ಮದರ್‌ಬೋರ್ಡು, 4ನೇ ತಲೆಮಾರಿನ ಐ5, ವಿಂಡೋಸ್ 10. ಡಿಸ್ಕು ಹಚ್ಚುವ ಸಾಟಾ ಪೋರ್ಟು ನಾಲ್ಕೇ. ವಿಂಡೋಸ್ ಇರುವ ಎಸ್‌ಎಸ್‌ಡಿ ಒಂದು, 1 ಟಿಬಿ ಡಿಸ್ಕು ಎರಡು, ಡಿವಿಡಿ ರೈಟರ್ ಒಂದು, ಅಲ್ಲಿಗೆ ತುಂಬಿತು. ಈಗ ಹೊಸ 4 ಟಿಬಿ ಡಿಸ್ಕು ತಂದಿದ್ದೇನೆ. ಆಫರಿನಲ್ಲಿ ಹೊಸ ಥರದ, ವೇಗದ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಕೂಡ ತಗೊಂಡುಬಿಟ್ಟೆ. ಅದನ್ನ ಎಲ್ಲಿ ಹಾಕೋದು ಗೊತ್ತಿಲ್ಲ. ಒಂದು ಕಾರ್ಡ್ ಹಾಕಿದ್ರೆ ಎಲ್ಲಾ ನಡೀತದೆ ಅಂತ ಒಬ್ಬರು ಹೇಳಿದರು. ಹೌದಾ?

ಉತ್ತರ (ರಿಪೇರಿ ಅಂಗಡಿ, ಬೆಳಗಾವಿ):

ಒಂದೇ ಕಾರ್ಡಿನಲ್ಲಿ ಮೂರೂ ಆಗುವುದಿಲ್ಲ ರೀ. ಹೇಳಿದವರು ಐಡಿಇ ಮತ್ತು ಸಾಟಾ ಎರಡೂ ಇರುವ ಕಾರ್ಡು ನೋಡಿರಬೇಕು. ಜೆಎಂಬಿ363 ಅಂತ ಚಿಪ್ ಇರ್ತದೆ, ಎರಡು ಸಾಟಾ, ಒಂದು ಐಡಿಇ. ನನ್ನ ಮೇಜಿನ ಮೇಲೂ ಒಂದಿದೆ. ಆದರೆ ಅದು ಹಳೆ ಕಾಲದ ಪಿಸಿಐ ಎಕ್ಸ್‌ಪ್ರೆಸ್, ಅಂದರೆ ಬೋರ್ಡಿನ ಸ್ಲಾಟಿಗೆ ಕೂರುವಂಥದ್ದು, ಡೇಟಾ ಓಡಲು ಒಂದೇ ದಾರಿ (ಲೇನ್), ಸೆಕೆಂಡಿಗೆ 250 ಎಂಬಿ ದಾಟುವುದಿಲ್ಲ, ಅದನ್ನೇ ಮೂರೂ ಪೋರ್ಟು ಹಂಚಿಕೊಳ್ಳಬೇಕು. ಹಳೆ ಡಿಸ್ಕಿನಿಂದ ಡೇಟಾ ತೆಗೆಯಲು ಸಾಕೋ ಸಾಕು. ಹೊಸ ಎಸ್‌ಎಸ್‌ಡಿ ಅದಕ್ಕೆ ಹಾಕಿದರೆ ಕುದುರೆಗೆ ಕಾಲು ಕಟ್ಟಿದ ಹಾಗೆ.

ಮೊದಲು 40 ಜಿಬಿ ಮಾತು. ಉಳಿದದ್ದು ದುಡ್ಡಿನ ಮಾತು, ನಾಳೆ ಆದರೂ ಆದೀತು. ಆ ಡಿಸ್ಕಿಗೆ ಇಪ್ಪತ್ತು ವರ್ಷ ಆಗಿದೆ. ಇನ್ನು ಎಷ್ಟು ಸಲ ತಿರುಗ್ತದೋ ಯಾರಿಗೆ ಗೊತ್ತು. ಹಾಗಾಗಿ ಸುಮ್ನೆ ನಡೀತದಾ ನೋಡೋಣ ಅಂತ ಹಚ್ಚಬೇಡಿ. ಕಾಪಿ ಎಲ್ಲಿಗೆ ಹೋಗಬೇಕು ಅನ್ನುವುದು ತಯಾರಾದ ಮೇಲೇ ಕರೆಂಟು ಕೊಡಿ.

ಕಾರ್ಡು ಚಿಕ್ಕ ಎಕ್ಸ್1 ಸ್ಲಾಟಿಗೆ (ಒಂದು ಲೇನಿನದ್ದು) ಕೂರ್ತದೆ. ಕೇಬಲ್ಲು 80 ತಂತಿಯದ್ದೇ ಬೇಕು. ಪಿನ್ನು ಅದಕ್ಕೂ 40ಯೇ, ತಂತಿ ಮಾತ್ರ ಸಣ್ಣಗೆ ಒತ್ತಾಗಿರ್ತವೆ. ನೀಲಿ ತುದಿ ಕಾರ್ಡಿಗೆ, ಕಪ್ಪು ತುದಿ ಡಿಸ್ಕಿಗೆ. ನಡುವಿನ ಬೂದು ಬಣ್ಣದ್ದು ಖಾಲಿ ಇರಲಿ. ಕೆಂಪು ಗೆರೆ ಇರುವ ಅಂಚು ಒಂದನೇ ಪಿನ್ನಿನ ಕಡೆ, ಅಂದರೆ ಸಾಮಾನ್ಯವಾಗಿ ಕರೆಂಟಿನ ಸಾಕೆಟ್ ಇರುವ ಬದಿಗೆ ಬರಬೇಕು. ಜಂಪರ್, ಅಂದರೆ ಡಿಸ್ಕಿನ ಹಿಂದಿನ ಸಣ್ಣ ಪಿನ್ನುಗಳಿಗೆ ಸಿಕ್ಕಿಸಿರುವ ಪುಟ್ಟ ಬಿಲ್ಲೆ, ಮಾಸ್ಟರ್ (ಮುಖ್ಯ ಡಿಸ್ಕು) ಅನ್ನುವ ಜಾಗಕ್ಕೆ ಇಡಿ. ವೆಸ್ಟರ್ನ್ ಡಿಜಿಟಲ್ ಡಿಸ್ಕು ಆಗಿದ್ದರೆ ಮಾತ್ರ ಚೂರು ಬೇರೆ: ಕೇಬಲ್ಲಿನಲ್ಲಿ ಅದೊಂದೇ ಇದ್ದರೆ ಜಂಪರ್ ತೆಗೆಯಬೇಕು, ಅದರ ಮಾಸ್ಟರ್ ಅನ್ನುವುದು ಜೊತೆಗೆ ಇನ್ನೊಂದು ಡಿಸ್ಕು ಇರುವಾಗಿನದ್ದು. ಇದೊಂದು ಗೊತ್ತಿಲ್ಲದೆ ಡಿಸ್ಕು ಸತ್ತಿದೆ ಅಂತ ಬಿಸಾಡಿದವರನ್ನು ನೋಡಿದ್ದೇನೆ.

ಡಿಸ್ಕಿನ ಕೆಳಗಡೆ ಸರ್ಕೀಟು ಬಯಲಿಗಿರ್ತದೆ. ಕ್ಯಾಬಿನೆಟ್ ತಗಡಿನ ಮೇಲೆ ಹಾಗೇ ಇಟ್ಟರೆ ಶಾರ್ಟ್ ಆಗ್ತದೆ. ಒಣ ರಟ್ಟಿನ ಮೇಲೆ ಚಪ್ಪಟೆಯಾಗಿ ಇಡಿ, ಅಲುಗಾಡಿಸಬೇಡಿ. ಇನ್ನೊಂದು, ಐಡಿಇ ಡಿಸ್ಕನ್ನು ಕಂಪ್ಯೂಟರ್ ಚಾಲೂ ಇರುವಾಗ ಸಿಕ್ಕಿಸಬಾರದು, ಕೀಳಲೂ ಬಾರದು. ಪೆನ್‌ಡ್ರೈವ್ ಅಲ್ಲ ಅದು.

ಪ್ರಶ್ನೆ (ಬಾಗಲಕೋಟೆ):

ಯುಎಸ್‌ಬಿಗೆ ಹಚ್ಚುವ ಐಡಿಇ ಕನ್ವರ್ಟರ್ ಸಿಗ್ತದಲ್ಲ ಸರ್, ಅದು ಸಾಕಾಗಲ್ವಾ? ಮತ್ತೆ ಡಿಸ್ಕು ಹಚ್ಚಿದ ಮೇಲೆ ವಿಂಡೋಸ್ ಏನಾದ್ರೂ ಕೇಳಿದ್ರೆ?

ಉತ್ತರ (ಬೆಳಗಾವಿ):

ಡಿಸ್ಕು ಗಟ್ಟಿ ಇದ್ದರೆ ಸಾಕು. ಆದರೆ ಕೆಟ್ಟ ಸೆಕ್ಟರ್ (ಡಿಸ್ಕಿನಲ್ಲಿ ಓದಲಾಗದ ತುಣುಕು) ಬಂದ ತಕ್ಷಣ ಅಗ್ಗದ ಕನ್ವರ್ಟರ್ ಹ್ಯಾಂಗ್ ಆಗಿ ಕೂತುಬಿಡ್ತದೆ. ನೀವು ತೆಗೆದು ಮತ್ತೆ ಹಚ್ಚುತ್ತೀರಿ, ಡಿಸ್ಕು ಮತ್ತೆ ಮೊದಲಿಂದ ತಿರುಗ್ತದೆ, ಅಷ್ಟಷ್ಟಕ್ಕೇ ಸವೀತದೆ. ಜೊತೆಗೆ ಬರುವ ಅಡಾಪ್ಟರಿನ ಮೇಲೂ ನನಗೆ ನಂಬಿಕೆ ಕಡಿಮೆ. ಅಪ್ಪನ ಫೋಟೋಗೆ ನಾನಾಗಿದ್ದರೆ ಕಾರ್ಡೇ ಹಾಕುತ್ತಿದ್ದೆ.

ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ' ಅಂದರೆ ಬೇಡ ಅನ್ನಿ. 'ಇನಿಶಿಯಲೈಸ್' ಅಂದರೂ ಬೇಡ. ಚಾಲೂ ಆಗುವಾಗ ಡಿಸ್ಕ್ ಚೆಕ್ ಶುರುವಾದರೆ ಕೀ ಒತ್ತಿ ನಿಲ್ಲಿಸಿ. ಅದು ಸರಿ ಮಾಡ್ತೀನಿ ಅಂತ ಹೋಗಿ ಹಳೆ ಡಿಸ್ಕಿನ ಮೇಲೇ ಬರೀತದೆ. ನಾವು ಅದರ ಮೇಲೆ ಒಂದಕ್ಷರವೂ ಬರೆಯಬಾರದು, ಓದಬೇಕು ಅಷ್ಟೇ.

ಅದಕ್ಕೇ ನಾನು ಈ ಕೆಲಸಕ್ಕೆ ವಿಂಡೋಸ್ ಮುಟ್ಟುವುದಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಓಡಿಸುತ್ತೇನೆ. ಅದು ಫೈಲು ಫೋಲ್ಡರು ನೋಡುವುದಿಲ್ಲ, ಇಡೀ ಡಿಸ್ಕನ್ನೇ ಒಂದು ಇಮೇಜ್ ಫೈಲಾಗಿ ಇಳಿಸ್ತದೆ. ಮೊದಲು ಸಲೀಸಾಗಿ ಬರುವ ಜಾಗವನ್ನೆಲ್ಲಾ ಓದಿ ಮುಗಿಸಿ, ಆಮೇಲೆ ಹಟ ಮಾಡುವ ಸೆಕ್ಟರಿಗೆ ತಿರುಗಿ ಬರ್ತದೆ. ಎಲ್ಲಿವರೆಗೆ ಆಯ್ತು ಅಂತ ಪಕ್ಕದಲ್ಲಿ ಒಂದು ಮ್ಯಾಪ್ ಫೈಲು ಬರೆದಿಟ್ಟುಕೊಳ್ತದೆ, ಆ ಫೈಲಿನ ಹೆಸರು ಕೊಡುವುದು ಮರೀಬೇಡಿ, ನಡುವೆ ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಮೂಲ ಡಿಸ್ಕು ಯಾವುದು, ಇಮೇಜ್ ಹೋಗುವ ಡಿಸ್ಕು ಯಾವುದು ಅಂತ ಸೈಜು ನೋಡಿ ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಹಿಂದು ಮುಂದಾದರೆ ನನಗೆ ಫೋನ್ ಮಾಡಿಯೂ ಉಪಯೋಗ ಇಲ್ಲ.

ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ ಅಲ್ಲೇ ಆಫ್ ಮಾಡಿ. ಅದು ಹೆಡ್ಡಿನ, ಅಂದರೆ ಡಿಸ್ಕನ್ನು ಓದುವ ಭಾಗದ ತೊಂದರೆ. ಫ್ರಿಜ್ಜಿನಲ್ಲಿ ಇಡುವುದು, ಮೇಲೆ ಕುಟ್ಟುವುದು ಅಂತ ಹೇಳುವವರು ಇರ್ತಾರೆ, ಕೇಳಬೇಡಿ.

ಪ್ರಶ್ನೆ (ಡಿಟಿಪಿ ಕೆಲಸ, ರಬಕವಿ):

ನಡುವೆ ಬಂದೆ, ಕ್ಷಮಿಸಿ ಸರ್. ನನ್ನ ಹತ್ರಾನೂ 2004ರ ಐಡಿಇ ಡಿಸ್ಕು ಇದೆ. ಲಗ್ನಪತ್ರಿಕೆ, ಕರಪತ್ರ ಎಲ್ಲಾ ಪೇಜ್‌ಮೇಕರಿನಲ್ಲಿ ಮಾಡಿದ್ದು. ಕಾಪಿ ಬಂತು. ಆದರೆ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಬರ್ತವೆ. ಡಿಸ್ಕು ಕೆಟ್ಟಿದೆಯಾ?

ಉತ್ತರ (ಬೆಳಗಾವಿ):

ಇಲ್ಲ ಮೇಡಂ, ಡಿಸ್ಕು ಚೆನ್ನಾಗಿದೆ. ಅಕ್ಷರದ್ದು ಆ ಕಾಲದ ಪಜೀತಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಶ್ರೀಲಿಪಿ ಎಲ್ಲಾ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷೇ ಕಾಣ್ತದೆ. ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅಂತ ಇದೆಯಲ್ಲ, ಅದನ್ನೂ ಪೂರ್ತಿ ಕಾಪಿ ಮಾಡಿಕೊಳ್ಳಿ. ನಮ್ಮ ಬೆಳಗಾವಿಯಲ್ಲಿ ಒಂದೇ ಪತ್ರಿಕೆಯಲ್ಲಿ ಕನ್ನಡಕ್ಕೊಂದು ಫಾಂಟು, ಮರಾಠಿಗೊಂದು ಫಾಂಟು. ಎಲ್ಲರೂ 'ನನ್ನ ಫೈಲು' ಅಂತ ಫೋಲ್ಡರ್ ಒಂದೇ ಒಯ್ತಾರೆ, ಫಾಂಟು ಅಲ್ಲೇ ಉಳೀತದೆ.

ಪ್ರಶ್ನೆ (ಬಾಗಲಕೋಟೆ):

ಸರ್, ಹೊಸದರ ಕಥೆ ಹೇಳಿ. 4 ಟಿಬಿ ಎಲ್ಲಿ ಹಾಕಲಿ? ಎನ್‌ವಿಎಂಇ ಎಲ್ಲಿ? ನನ್ನ ಹತ್ರ ಸಣ್ಣದೊಂದು ಗ್ರಾಫಿಕ್ಸ್ ಕಾರ್ಡೂ ಇದೆ.

ಉತ್ತರ (ಬೆಳಗಾವಿ):

4 ಟಿಬಿಗೆ ಎರಡು ಪೋರ್ಟಿನ ಸಾಟಾ ಕಾರ್ಡು ಸಾಕು, ಎಎಸ್‌ಎಂ1061 ಚಿಪ್ಪಿನದ್ದು. ಅದೂ ಎಕ್ಸ್1, ನಿಮ್ಮ ಬೋರ್ಡಿನಲ್ಲಿ ಸೆಕೆಂಡಿಗೆ 500 ಎಂಬಿ ಲೆಕ್ಕ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ತಿರುಗುವ ಡಿಸ್ಕು 200ರ ಆಸುಪಾಸು ಓಡಿದರೆ ಅದೇ ದೊಡ್ಡದು, ಹಾಗಾಗಿ ಎರಡು ಹಾಕಿದರೂ ಇಕ್ಕಟ್ಟಾಗುವುದಿಲ್ಲ. ಡಿವಿಡಿ ರೈಟರ್ ಮಾತ್ರ ಬೋರ್ಡಿನಲ್ಲೇ ಇರಲಿ, ಕೆಲವು ಕಾರ್ಡಿಗೆ ಅದು ಆಗಿಬರುವುದಿಲ್ಲ. ಎಚ್81ರಲ್ಲಿ ನಾಲ್ಕು ಸಾಟಾ ಒಂದೇ ಥರ ಇಲ್ಲ ಅನ್ನುವುದು ಗೊತ್ತಿರಲಿ. ಎರಡು 6 ಗಿಗಾಬಿಟ್, ಎರಡು 3. ಬೋರ್ಡಿನ ಮೇಲೆ ಪಕ್ಕದಲ್ಲೇ ಅಚ್ಚಾಗಿರ್ತದೆ. ವಿಂಡೋಸಿನ ಎಸ್‌ಎಸ್‌ಡಿ 6ರಲ್ಲಿ ಇದೆಯಾ ನೋಡಿ. ಹತ್ತರಲ್ಲಿ ನಾಲ್ಕು ಮಂದಿ 3ಕ್ಕೆ ಹಚ್ಚಿ ನಿಧಾನ ಅಂತ ತಂದುಕೊಡ್ತಾರೆ.

4 ಟಿಬಿಯನ್ನು ಸಿದ್ಧ ಮಾಡುವಾಗ ಡಿಸ್ಕಿನ ಭಾಗ ಗುರುತಿಸುವ ಪದ್ಧತಿ ಜಿಪಿಟಿ ಆರಿಸಿ. ಹಳೆ ಎಂಬಿಆರ್ ಪದ್ಧತಿ 2 ಟಿಬಿ ದಾಟಿದ ಮೇಲೆ ಲೆಕ್ಕವೇ ಹಿಡಿಯುವುದಿಲ್ಲ, ಉಳಿದರ್ಧ ವ್ಯರ್ಥ.

ಎನ್‌ವಿಎಂಇಗೆ ಬರೋಣ. ಅದಕ್ಕೆ ಸಿಗುವ ಕಾರ್ಡಿನಲ್ಲಿ ಚಿಪ್ಪೇ ಇರುವುದಿಲ್ಲ, ಸ್ಲಾಟಿನ ಆಕಾರ ಬದಲಿಸುವ ಹಲಗೆ ಅಷ್ಟೇ, ಕೆಲವು ನೂರು ರೂಪಾಯಿ. ಪೂರ್ತಿ ವೇಗಕ್ಕೆ ನಾಲ್ಕು ಲೇನ್ ಬೇಕು, ಅಂದರೆ ಉದ್ದನೆಯ ಎಕ್ಸ್16 ಸ್ಲಾಟು. ಎಚ್81ರಲ್ಲಿ ಆ ಸ್ಲಾಟೂ ಪಿಸಿಐ ಎಕ್ಸ್‌ಪ್ರೆಸ್ಸಿನ ಎರಡನೇ ತಲೆಮಾರಿನದ್ದೇ. ನಾಲ್ಕು ಲೇನಿಗೆ ಸೆಕೆಂಡಿಗೆ 2000 ಎಂಬಿ ಮೇಲ್ಮಿತಿ. ನಿಮ್ಮ ಎಸ್‌ಎಸ್‌ಡಿ ಡಬ್ಬಿಯ ಮೇಲೆ 3500 ಅಂತ ಬರೆದಿದ್ದರೂ ಅಷ್ಟು ಬರುವುದಿಲ್ಲ.

ಆ ಸ್ಲಾಟಿನಲ್ಲಿ ಈಗ ಗ್ರಾಫಿಕ್ಸ್ ಕಾರ್ಡು ಕೂತಿದೆ, ಅಲ್ವಾ? ಫೋಟೋ ಕೆಲಸ ಅಷ್ಟೇ ಆದರೆ ಅದನ್ನು ತೆಗೆದು ಐ5ರ ಒಳಗಿನ ಗ್ರಾಫಿಕ್ಸ್ ಬಳಸಿ ನೋಡಿ. ವಿಡಿಯೋ ಎಡಿಟಿಂಗಿಗೆ ಆ ಕಾರ್ಡು ಬೇಕೇ ಬೇಕು ಅಂದರೆ ಎನ್‌ವಿಎಂಇ ಎಕ್ಸ್1ರಲ್ಲಿ ಕೂರಬೇಕು. ಆಗ 500 ಎಂಬಿ ಒಳಗೇ, ಮಾಮೂಲಿ ಸಾಟಾ ಎಸ್‌ಎಸ್‌ಡಿಗಿಂತ ಏನೂ ಜಾಸ್ತಿ ಇಲ್ಲ. ಆದರೆ ಎಕ್ಸ್1 ಸ್ಲಾಟು ಎಷ್ಟಿವೆ ಎಣಿಸಿ. ಎರಡೇ ಇದ್ದರೆ ಐಡಿಇ ಕೆಲಸ ಮುಗಿಸಿ ಆ ಕಾರ್ಡು ಕಿತ್ತುಬಿಡಿ. ಹಳೆ ಡಿಸ್ಕನ್ನು ಕಾಯಂ ಒಳಗಿಟ್ಟು ಓಡಿಸುವ ಆಸೆ ಬೇಡ.

ಇನ್ನು, ಎನ್‌ವಿಎಂಇಯಿಂದ ವಿಂಡೋಸ್ ಚಾಲೂ ಮಾಡುವ ಯೋಚನೆ ಇದ್ದರೆ ಬಿಡಿ. ಆ ಕಾಲದ ಬೋರ್ಡಿನ ಬಯೋಸಿಗೆ (ಕಂಪ್ಯೂಟರನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ) ಸಾಮಾನ್ಯವಾಗಿ ಎನ್‌ವಿಎಂಇ ಅಂದರೆ ಏನಂತಲೇ ಗೊತ್ತಿಲ್ಲ. ವಿಂಡೋಸ್ 10 ಒಳಗೆ ಹೋದ ಮೇಲೆ ಗುರುತು ಹಿಡೀತದೆ, ಕೆಲಸದ ಡಿಸ್ಕಾಗಿ ಆರಾಮ ಓಡ್ತದೆ. ಬಯೋಸ್ ತಿದ್ದಿ ಮಾಡುವವರೂ ಇದ್ದಾರೆ, ದುಡಿಯುವ ಕಂಪ್ಯೂಟರಿನ ಮೇಲೆ ನಾನು ಆ ಪ್ರಯೋಗ ಮಾಡುವುದಿಲ್ಲ.

ಪ್ರಶ್ನೆ (ಬಾಗಲಕೋಟೆ):

ಎರಡು ಸ್ಲಾಟ್ ಇರುವ ಎಂ.2 (ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರುವಂಥ) ಕಾರ್ಡು ನೋಡಿದೆ. ಎರಡರಲ್ಲೂ ಎನ್‌ವಿಎಂಇ ಹಾಕಬಹುದಾ?

ಉತ್ತರ (ಬೆಳಗಾವಿ):

ಅಗ್ಗದ್ದರಲ್ಲಿ ಒಂದು ಎನ್‌ವಿಎಂಇಗೆ, ಇನ್ನೊಂದು ಸಾಟಾ ಥರದ ಎಂ.2ಗೆ. ಎರಡನೆಯದಕ್ಕೆ ಸ್ಲಾಟಿನಿಂದ ಕರೆಂಟು ಮಾತ್ರ ಬರ್ತದೆ, ಡೇಟಾಗೆ ಕಾರ್ಡಿನಿಂದ ಬೋರ್ಡಿಗೆ ಮತ್ತೆ ಸಾಟಾ ಕೇಬಲ್ ಎಳೀಬೇಕು. ಅದು ಗೊತ್ತಾಗದೆ ಬಹಳ ಜನ ವಾಪಸ್ ತರ್ತಾರೆ.

ಪ್ರಶ್ನೆ (ವಿಜಯಪುರದಿಂದ ಒಬ್ಬರು):

ಅಣ್ಣಾರೆ, ನಾನು ಬೆಂಗಳೂರಿನ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ 4 ಟಿಬಿ ಸರ್ವರ್ ಡಿಸ್ಕು ತಂದೆ. ಭಾರಿ ಸೋವಿ ಸಿಕ್ತು. ಸಾಟಾ ಕೇಬಲ್ ಒಳಗೇ ಹೋಗ್ತಿಲ್ಲ. ಚಾಕುವಿನಿಂದ ಸ್ವಲ್ಪ ಕೆತ್ತಲಾ?

ಉತ್ತರ (ಬೆಳಗಾವಿ):

ಚಾಕು ಕೆಳಗಿಡಿ ಮಾರಾಯರೆ. ಅದು ಸಾಸ್ ಡಿಸ್ಕು, ಸರ್ವರಿನದೇ ಬೇರೆ ಥರದ ಕನೆಕ್ಷನ್ನು. ಸಾಟಾ ಡಿಸ್ಕಿನ ಎರಡು ಕನೆಕ್ಟರಿನ ನಡುವೆ ಸಂದಿ ಇರ್ತದೆ, ನಿಮ್ಮದರಲ್ಲಿ ಆ ಸಂದಿ ಮುಚ್ಚಿದೆ, ತಪ್ಪಿ ಹಾಕಬಾರದು ಅಂತಲೇ ಮುಚ್ಚಿದ್ದು. ಸಾಸ್ ಕಾರ್ಡಿಗೆ ಸಾಟಾ ಡಿಸ್ಕು ನಡೀತದೆ, ಸಾಟಾ ಪೋರ್ಟಿಗೆ ಸಾಸ್ ನಡೆಯುವುದಿಲ್ಲ. ಓಡಿಸಲೇಬೇಕು ಅಂದರೆ ಎಲ್‌ಎಸ್‌ಐ 9211-8ಐ ಥರದ ಹಳೆ ಸರ್ವರ್ ಕಾರ್ಡು ಬೇಕು, ಎಂಟು ಲೇನಿನದ್ದು. ಐಟಿ ಮೋಡಿನ (ಡಿಸ್ಕನ್ನು ಇದ್ದ ಹಾಗೇ ತೋರಿಸುವ) ಫರ್ಮ್‌ವೇರ್ ಹಾಕಿದ್ದೇ ಕೇಳಿ ತಗೊಳ್ಳಿ, ಇಲ್ಲವಾದರೆ ಹಲವು ಡಿಸ್ಕು ಒಂದಾಗಿ ಜೋಡಿಸುವ ರೇಡ್ ರಗಳೆ. ಆ ಕಾರ್ಡು ಗಾಳಿ ಜೋರಾಗಿರುವ ಸರ್ವರಿಗೆ ಮಾಡಿದ್ದು. ನಿಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಅದರ ಮೇಲೆ ಫ್ಯಾನ್ ಇಲ್ಲದಿದ್ದರೆ ರೊಟ್ಟಿ ಸುಡಬಹುದು. ವಾಪಸ್ ತಗೊಂಡರೆ ಕೊಟ್ಟುಬಿಡಿ.

ಬಾಗಲಕೋಟೆಯವರೆ, ನಿಮಗೆ ಒಂದು ಹೇಳುವುದು ಬಿಟ್ಟಿತ್ತು. ಎಸ್‌ಎಂಪಿಎಸ್‌ನಲ್ಲಿ (ಕರೆಂಟು ಕೊಡುವ ಡಬ್ಬಿ) ಸಾಟಾ ಪವರ್ ವೈರು ಸಾಲದೆ ಹೋದರೆ ನಾಲ್ಕು ಪಿನ್ನಿನ ಹಳೆ ಪವರ್ ವೈರಿನಿಂದ (ಮೋಲೆಕ್ಸ್) ಸಾಟಾ ಮಾಡುವ ಕನೆಕ್ಟರ್ ತರುತ್ತೀರಿ. ಪ್ಲಾಸ್ಟಿಕ್ಕು ಅಚ್ಚು ಹೊಯ್ದು ಮುಚ್ಚಿರುವುದು ತರಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ಹತ್ತಿ ಸುಟ್ಟುಹೋದದ್ದನ್ನು ಕಣ್ಣಾರೆ ನೋಡಿದ್ದೇನೆ, ಡಿಸ್ಕೂ ಕರಕಲು. ತಂತಿ ಒಂದೊಂದೇ ಪಿನ್ನಿಗೆ ಒತ್ತಿ ಕೂರಿಸಿದ್ದು ಹಿಂದಿನಿಂದ ಕಾಣುವಂಥದ್ದು ತಗೊಳ್ಳಿ. ಐವತ್ತು ರೂಪಾಯಿ ಉಳಿಸುವ ಜಾಗ ಇದಲ್ಲ.

ನಾಲ್ಕು ದಿನ ಆದ ಮೇಲೆ (ಬಾಗಲಕೋಟೆ):

ಸರ್, ಆಯ್ತು! ಅದು ವೆಸ್ಟರ್ನ್ ಡಿಜಿಟಲ್ಲೇ. ಮೊದಲು ಕಾಣಲಿಲ್ಲ, ನೀವು ಹೇಳಿದ್ದು ನೆನಪಾಗಿ ಜಂಪರ್ ಕಿತ್ತೆ, ಬಂತು. 4 ಟಿಬಿ ಮೇಲೆ ಇಮೇಜ್ ಇಳಿಸಿದೆ. ರಾತ್ರಿ ಎರಡು ಸಲ ಕರೆಂಟು ಹೋಯ್ತು, ಯುಪಿಎಸ್ ಒಂದು ಸಲ ಮಾತ್ರ ತಡೀತು. ಮ್ಯಾಪ್ ಫೈಲ್ ಇದ್ದದ್ದಕ್ಕೆ ಅಲ್ಲಿಂದಲೇ ಮುಂದುವರೀತು. ಕೊನೆಗೆ ಕೆಲವೇ ಸೆಕ್ಟರ್ ಓದಲಿಲ್ಲ, ಮೂರು ಫೋಟೋ ಅರ್ಧಕ್ಕೆ ಬೂದು ಆಗಿವೆ. ಉಳಿದದ್ದೆಲ್ಲಾ ಬಂದಿದೆ. ಬಣ್ಣದ ಬಂಡಿ, ಹಲಗಿ ಬಾರಿಸುವವರು, ನಮ್ಮ ಅಂಗಡಿ ಬೋರ್ಡು. ಅಪ್ಪ ಪಕ್ಕದಲ್ಲೇ ಕೂತು ಇದು ಯಾರ ಮನೆ, ಅದು ಯಾರ ಮನೆ ಅಂತ ಹೇಳ್ತಿದ್ದಾರೆ. 40 ಜಿಬಿ ಅಂದದ್ದು 37 ಅಂತ ತೋರಿಸ್ತಿದೆ, 3 ಜಿಬಿ ಎಲ್ಲಿ ಹೋಯ್ತು?

ಉತ್ತರ (ಬೆಳಗಾವಿ):

ಎಲ್ಲೂ ಹೋಗಿಲ್ಲ. ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಇಮೇಜ್ ಫೈಲು ಅಳಿಸಬೇಡಿ, ಇನ್ನೊಂದು ಡಿಸ್ಕಿನ ಮೇಲೂ ಒಂದು ಪ್ರತಿ ಇಟ್ಟುಬಿಡಿ, ಅದನ್ನು ಸ್ಟುಡಿಯೋದಲ್ಲಿ ಅಲ್ಲ, ಮನೆಯಲ್ಲಿ. 80 ಜಿಬಿಯದ್ದೂ ಇದೇ ವಾರ ಮುಗಿಸಿ, ಕಾರ್ಡು ಹೇಗೂ ಹಾಕಿದ್ದೀರಲ್ಲ.

ಮತ್ತೆ ಘಟಪ್ರಭೆ ದಂಡೆಯ ಕಡೆ ಓಣಿಯ ಫೋಟೋ ಇದ್ದರೆ ಅಪ್ಪನವರನ್ನು ಕೇಳಿ ಒಂದೆರಡು ಕಳಿಸಿ. ನಮ್ಮ ಸೋದರತ್ತೆಯ ಮನೆ ಅಲ್ಲಿತ್ತು.