ಸಹಾಯ ಬೇಕು: ಒಂದೇ ಕೋಣೆಯ ಕ್ಲಿನಿಕ್‌ನಲ್ಲಿ ಪಾರ್ವೋ ಹರಡದಂತೆ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಊರಿನಲ್ಲಿ ನಾಯಿ, ಬೆಕ್ಕುಗಳ ಚಿಕ್ಕ ಕ್ಲಿನಿಕ್ ನಡೆಸುತ್ತಿದ್ದೇನೆ. ಇರುವುದು ಒಂದೇ ಕೋಣೆ, ಹೊರಗೊಂದು ಜಗಲಿ. ಈಗ ಪಾರ್ವೋ, ಅಂದರೆ ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ಕಾಯಿಲೆಯ ಕೇಸುಗಳು ಜಾಸ್ತಿ ಬರುತ್ತಿವೆ. ರಕ್ತಭೇದಿ ಆಗುತ್ತಿರುವ ಮರಿಯನ್ನು ಟವೆಲ್‌ನಲ್ಲಿ ಸುತ್ತಿ ತರುತ್ತಾರೆ. ಅದೇ ಬೆಂಚಿನಲ್ಲಿ, ಪಕ್ಕದಲ್ಲೇ, ಮೊದಲ ಲಸಿಕೆಗೆ ಬಂದ ಮರಿ ಕೂತಿರುತ್ತದೆ. ಮಕ್ಕಳು ಎರಡನ್ನೂ ಮುಟ್ಟಿ ಮುದ್ದು ಮಾಡುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ.

ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಾಮೂಲಿ ಫಿನೈಲ್‌ಗಾಗಲಿ ಸ್ಯಾನಿಟೈಸರ್‌ಗಾಗಲಿ ಬಗ್ಗುವುದಿಲ್ಲ. ಅದಕ್ಕೇ ಮೊದಲು ಸೋಪು ನೀರಿನಿಂದ ಗಲೀಜೆಲ್ಲ ತೆಗೆಯುತ್ತೇವೆ. ಆಮೇಲೆ 1 ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಒರೆಸಿ, 10 ನಿಮಿಷ ಒದ್ದೆಯಾಗಿಯೇ ಬಿಡುತ್ತೇವೆ.

ಆದರೆ ಜಗಲಿಯ ಸಿಮೆಂಟಿನಲ್ಲಿ ಅಲ್ಲಲ್ಲಿ ಬಿರುಕು. ಅದರೊಳಗೆ ಕೂತ ಕೊಳೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಎಪಾಕ್ಸಿ (ನೆಲಕ್ಕೆ ಬಳಿಯುವ ಗಟ್ಟಿ ಲೇಪನ) ಬಳಿಸಿದರೆ ದಿನಾ ಬ್ಲೀಚ್ ಹಾಕಿದರೂ ತಡೆಯುತ್ತದಾ? ಇಲ್ಲಾ ಟೈಲ್ಸೇ ಹಾಕಿಸಲಾ? ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಬ್ಲೀಚ್‌ನ ಶಕ್ತಿ ಒಂದೊಂದು ಸಲ ಒಂದೊಂದು ಥರ. ಬಿಸಿಲಿಗೆ ಇಟ್ಟರಂತೂ ಇನ್ನೂ ಇಳಿಯುತ್ತದೆ. ನೀವು ಯಾವುದನ್ನು ತರಿಸುತ್ತೀರಿ?

ಇನ್ನೊಂದು ವಿಷಯ. ವಾಂತಿ, ಭೇದಿ ಇರುವ ಮರಿಯನ್ನು ಆಟೋದಲ್ಲೇ ಇರಿಸಿ ಫೋನ್ ಮಾಡಿ ಎಂದು ಬೋರ್ಡ್ ಹಾಕಿದ್ದೇನೆ. ಗಾಬರಿಯಲ್ಲಿ ಓಡಿ ಬರುವವರು ಬೋರ್ಡ್ ಎಲ್ಲಿ ಓದುತ್ತಾರೆ? ಅವರನ್ನು ಬೈಯುವುದೂ ಸರಿಯಲ್ಲ, ಅಲ್ವಾ? ಲಸಿಕೆಗೇ ಬೇರೆ ಹೊತ್ತು ಇಟ್ಟವರು ಯಾರಾದರೂ ಇದ್ದೀರಾ? ಜನ ಒಪ್ಪಿದರಾ? ಚಿಕ್ಕ ಜಾಗದಲ್ಲೇ ಐಸೊಲೇಷನ್ ಮೂಲೆ ಮಾಡಿಕೊಂಡಿದ್ದರೆ ದಯವಿಟ್ಟು ಫೋಟೋ ಹಾಕಿ.